ಗೆಳೆಯನಿಗೊಂದು ಪತ್ರ: ನಮ್ಮವನೊಬ್ಬ ಬಿದ್ದಾಗ ಆ ಗೇಮ್ ಏನ್ ಮಾಡುತ್ತೆ?

ಗೆಳೆಯಾ,

ನಿನ್ನ ಮೆಸೇಜ್ ನೋಡ್ದೆ ಕಣೋ. ಟರ್ನ್ ಬೇಸ್ಡ್ ಟ್ಯಾಕ್ಟಿಕಲ್ ಗೇಮ್, ಅಂದ್ರೆ ಚೆಸ್ ತರ ಸರದಿ ಪ್ರಕಾರ ಪಡೆ ನಡೆಸಿ ಯುದ್ಧ ಮಾಡೋದು, ಅಂಥದ್ದೊಂದು ಹೇಳು, ಒಂದೇ ಒಂದು, ಹತ್ತು ಹೆಸರು ಹೇಳಿ ತಲೆ ಕೆಡಿಸ್ಬೇಡ ಅಂದಿದೀಯ. ಒಂದೇ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ಸ್ವಲ್ಪ ಮಾತಾಡ್ಬೇಕು, ಯಾಕಂದ್ರೆ ಇವು ಒಂದು ಭಾನುವಾರ ಕೂತು ಮುಗಿಸಿ ಎದ್ದೋಗೋ ಗೇಮ್‌ಗಳಲ್ಲ, ಹಿಡಿದ್ರೆ ತಿಂಗಳಾನುಗಟ್ಟಲೆ ಜೊತೆಗಿರ್ತವೆ, ಅರ್ಧಕ್ಕೆ ಬಿಟ್ರೆ ನಿಂಗೂ ಬೇಜಾರು ಹೇಳಿದ ನಂಗೂ ಬೇಜಾರು.

ಗ್ರಾಫಿಕ್ಸ್ ಹೇಗಿದೆ, ರೇಟಿಂಗ್ ಎಷ್ಟು, ಕಥೆ ದೊಡ್ಡದಾ ಅಂತೆಲ್ಲಾ ಕೇಳಿದೀಯಲ್ಲ, ಅದನ್ನ ಸದ್ಯಕ್ಕೆ ಪಕ್ಕಕ್ಕಿಡು. ಇಷ್ಟು ವರ್ಷ ಇವನ್ನ ಆಡ್ತಾ ಬಂದಮೇಲೆ ನಾನು ಮೊದಲು ನೋಡೋದು ಒಂದೇ ವಿಷಯ. ನಮ್ಮ ಪಡೆಯಲ್ಲಿ ಒಬ್ಬ ಬಿದ್ದಾಗ ಆ ಗೇಮ್ ಏನ್ ಮಾಡುತ್ತೆ? ಅವನು ಹೋದವನು ಹೋದ್ನಾ, ಮುಂದಿನ ಯುದ್ಧಕ್ಕೆ ಏನೂ ಆಗದೇ ಇದ್ದಂಗೆ ಎದ್ದು ಬರ್ತಾನಾ, ಇಲ್ಲಾ ಓಡಿಹೋಗಿ ಎತ್ಕೊಳ್ಳೋಕೆ ನಮಗೆ ಸ್ವಲ್ಪ ಟೈಮ್ ಕೊಡುತ್ತಾ? ಈ ಒಂದು ವಿಷಯದಿಂದ ನಾವು ಕೂತು ಯೋಚನೆ ಮಾಡೋ ರೀತಿನೇ ಬದಲಾಗಿಬಿಡುತ್ತೆ, ಒಂದು ಹೆಜ್ಜೆ ಮುಂದಿಡೋಕೂ ಕೈ ನಡುಗುತ್ತಾ ಅಥವಾ ಹೋದ್ರೆ ಹೋಗ್ಲಿ ಅಂತ ನುಗ್ತೀವಾ ಅನ್ನೋದು ಅಲ್ಲೇ ತೀರ್ಮಾನ ಆಗುತ್ತೆ.

ಫೈರ್ ಎಂಬ್ಲೆಮ್ ಹೆಸರು ಕೇಳೇ ಇರ್ತೀಯ. 1990ರಲ್ಲಿ ಜಪಾನ್‌ನಲ್ಲಿ ಶುರುವಾದ ಸರಣಿ ಅದು, ಈ ತರದ ಗೇಮ್‌ಗಳಿಗೆಲ್ಲಾ ದಾರಿ ಹಾಕಿಕೊಟ್ಟಿದ್ದು. ಅದರಲ್ಲಿ ನಮ್ಮ ಪಡೆಯವರು ಬರೀ ಕಾಯಿಗಳಲ್ಲ, ಒಬ್ಬೊಬ್ಬರಿಗೂ ಹೆಸರಿದೆ, ಮುಖ ಇದೆ, ಒಬ್ಬರ ಜೊತೆ ಒಬ್ಬರು ಮಾತಾಡ್ತಾರೆ. ಸತ್ರೆ ಸತ್ತರು ಅಷ್ಟೇ, ಕೊನೇ ಮಾತು ಒಂದೆರಡು ಹೇಳಿ ಕಥೆಯಿಂದಲೇ ಹೊರಟುಹೋಗ್ತಾರೆ. ನಾನು ಮೊದಲ ಸಲ ಆಡಿದಾಗ ಶತ್ರು ಬಿಲ್ಲುಗಾರ ಎಷ್ಟು ದೂರ ಬರಬಲ್ಲ ಅಂತ ಚೆಸ್ ಬೋರ್ಡ್ ತರದ ಆ ನೆಲದ ಮೇಲೆ ಒಂದೇ ಒಂದು ಮನೆ ತಪ್ಪಿ ಎಣಿಸಿದ್ದೆ, ಅವನು ನೇರ ಬಂದು ಗಾಯ ವಾಸಿ ಮಾಡೋ ಹುಡುಗಿಗೇ ಬಾಣ ಬಿಟ್ಟ, ಆಮೇಲೆ ಒಂದು ಗಂಟೆಯಿಂದ ಆಡ್ತಿದ್ದ ಆ ಚಾಪ್ಟರನ್ನ ಮತ್ತೆ ಮೊದಲಿಂದ ಶುರು ಮಾಡ್ಲಾ ಅಥವಾ ಅವಳಿಲ್ಲದೇ ಮುಂದೆ ಹೋಗ್ಲಾ ಅಂತ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಈಗ ಬರೋ ಫೈರ್ ಎಂಬ್ಲೆಮ್‌ಗಳಲ್ಲಿ ಶುರುವಲ್ಲೇ ಕೇಳ್ತಾರೆ, ಸತ್ತವರು ಸತ್ತೇ ಹೋಗೋ ಕ್ಲಾಸಿಕ್ ಮೋಡ್ ಬೇಕಾ, ಯುದ್ಧ ಮುಗಿದ ಮೇಲೆ ವಾಪಸ್ ಬರೋ ಕ್ಯಾಶುಯಲ್ ಮೋಡ್ ಬೇಕಾ ಅಂತ. 2019ರ ತ್ರೀ ಹೌಸಸ್‌ನಲ್ಲಂತೂ ಒಂದು ಯುದ್ಧಕ್ಕೆ ಇಷ್ಟು ಸಲ ಅಂತ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಒಳ್ಳೇ ಗೇಮು, ಆದ್ರೆ ನಿಂಟೆಂಡೊ ಮೆಷಿನ್ ಬೇಕು, ನಿನ್ಹತ್ರ ಇರೋದು ಲ್ಯಾಪ್‌ಟಾಪ್ ಒಂದೇ, ಹಾಗಾಗಿ ಅದು ಆಚೆಗಿರ್ಲಿ.

ಎಕ್ಸ್‌ಕಾಮ್ 2 ನಿನ್ನ ಲ್ಯಾಪ್‌ಟಾಪಲ್ಲೇ ಓಡುತ್ತೆ. 2016ರಲ್ಲಿ ಬಂದಿದ್ದು, ಭೂಮಿ ಅನ್ಯಗ್ರಹದವರ ಕೈಗೆ ಹೋಗಿ ಇಪ್ಪತ್ತು ವರ್ಷ ಆಗಿದೆ, ನೀನು ಬಂಡಾಯದ ಪಡೆ ನಡೆಸ್ತೀಯ. ಸೈನಿಕರಿಗೆ ನಮಗೆ ಬೇಕಾದ ಹೆಸರಿಡಬಹುದು, ಎಲ್ಲರೂ ಮಾಡೋ ಹಾಗೆ ನಾನೂ ಗೆಳೆಯರ ಹೆಸರೆಲ್ಲಾ ಇಟ್ಟಿದ್ದೆ, ನಿನ್ನ ಹೆಸರಿನ ಸ್ನೈಪರ್ ಒಬ್ಬ ಇದ್ದ, ಎಷ್ಟೋ ಮಿಷನ್‌ಗಳಲ್ಲಿ ಎಲ್ಲರನ್ನೂ ಕಾಪಾಡಿದವನು ಅವನೇ. ಒಂದಿನ ಅವನೂ ಹೋದ. ಸತ್ತವರ ಹೆಸರೆಲ್ಲಾ ಬರೆದಿಡೋ ಗೋಡೆಯೊಂದಿದೆ ಆ ಗೇಮಲ್ಲಿ, ಅಲ್ಲಿ ನಿನ್ನ ಹೆಸರು ನೋಡ್ದಾಗ ಮನಸ್ಸಿಗೆ ನಿಜವಾಗ್ಲೂ ಕಷ್ಟ ಆಯ್ತು, ಅವತ್ತು ರಾತ್ರಿ ನಿಂಗೆ ಫೋನ್ ಮಾಡಿದ್ದು ಅದಕ್ಕೇ, ಕಾರಣ ಮಾತ್ರ ಹೇಳಿರ್ಲಿಲ್ಲ.

ಇಲ್ಲಿ ಪರ್ಸೆಂಟ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾವ ಗೇಮ್ ಆಡಿದ್ರೂ ನಿಂಗೆ ಇದು ಬೇಕಾಗುತ್ತೆ. ಗುಂಡು ಹಾರಿಸೋ ಮುಂಚೆ ಗುರಿ ತಾಗೋ ಸಾಧ್ಯತೆ ಸ್ಕ್ರೀನ್ ಮೇಲೆ 95 ಪರ್ಸೆಂಟ್ ಅಂತ ಬರುತ್ತೆ, ನಾವು ಅದನ್ನ ನೂರು ಅಂತಲೇ ಓದ್ಕೋತೀವಿ. ಆದ್ರೆ ಅಂಥ 20 ಗುಂಡು ಹಾರಿಸಿದ್ರೆ ಒಂದಾದ್ರೂ ಗುರಿ ತಪ್ಪೋ ಸಾಧ್ಯತೆ ಸುಮಾರು 64 ಪರ್ಸೆಂಟ್ ಇರುತ್ತೆ, ಬೇಕಾದ್ರೆ ಲೆಕ್ಕ ಹಾಕು. ಒಂದು ಮಿಷನ್‌ನಲ್ಲಿ ಇಪ್ಪತ್ತು ಗುಂಡು ಏನೇನೂ ಅಲ್ಲ. ಫೈರ್ ಎಂಬ್ಲೆಮ್‌ನೋರು 2002ರಿಂದ ಬಂದ ಎಷ್ಟೋ ಗೇಮ್‌ಗಳಲ್ಲಿ ಇದಕ್ಕೊಂದು ಉಪಾಯ ಮಾಡಿದ್ರು, ಒಂದು ದಾಳದ ಬದಲು ಎರಡು ದಾಳ ಹಾಕಿ ಅದರ ಸರಾಸರಿ ನೋಡೋದು, ಹಾಗಾಗಿ ಸ್ಕ್ರೀನ್ ಮೇಲೆ 75 ಅಂತ ಇದ್ರೆ ಒಳಗೆ ನಿಜವಾಗಿ 87ರ ಮೇಲಿರುತ್ತೆ, 25 ಅಂತ ಇದ್ರೆ 12-13ಕ್ಕೆ ಇಳಿದಿರುತ್ತೆ. ಮನುಷ್ಯನ ಮನಸ್ಸು ಮುಕ್ಕಾಲು ಪಾಲು ಅಂದ್ರೆ ಖಂಡಿತ ಅಂತ ತಗೊಳ್ಳುತ್ತಲ್ಲ, ಆ ಭಾವನೆಗೆ ಲೆಕ್ಕವನ್ನೇ ಹೊಂದಿಸಿಬಿಟ್ಟಿದಾರೆ, ನಂಗೆ ಇದು ತುಂಬಾ ಇಷ್ಟವಾದ ವಿಷಯ. ಅದೇನೇ ಇರ್ಲಿ, ಗುಂಡು ತಾಗಿದ್ರೆ ಏನು ಅಂತ ಎಲ್ರೂ ಯೋಚಿಸ್ತಾರೆ, ತಾಗದೇ ಹೋದ್ರೆ ನನ್ನವನು ಎಲ್ಲಿ ನಿಂತಿರ್ತಾನೆ, ಅವನಿಗೆ ಮರೆ ಇದೆಯಾ ಅಂತ ಯೋಚಿಸೋನ ಪಡೆ ಉಳಿಯುತ್ತೆ.

ಬಾಲ್ಡರ್ಸ್ ಗೇಟ್ 3 ಬಗ್ಗೆ ಎಲ್ರೂ ಹೇಳ್ತಿದಾರೆ ಅಂದ್ಯಲ್ಲ, ಹೇಳೋದು ಸರಿನೇ, 2023ರಲ್ಲಿ ಬಂದಾಗಿಂದ ಅದರ ಮಟ್ಟಕ್ಕೆ ಮಾತುಕತೆ, ಪಾತ್ರಗಳು ಇರೋ ಗೇಮ್ ಇನ್ನೊಂದು ನಾನು ನೋಡಿಲ್ಲ. ಆದ್ರೆ 150 ಜಿಬಿ ಜಾಗ ಕೇಳುತ್ತೆ, ನಿನ್ನ ಲ್ಯಾಪ್‌ಟಾಪ್ ಅದನ್ನ ಹೊರಲ್ಲ. ಇನ್ನೊಂದು, ಅಲ್ಲಿ ಸತ್ತವರನ್ನ ಎಬ್ಬಿಸೋಕೆ ಕ್ಯಾಂಪಲ್ಲೇ ಒಬ್ಬ ಇದ್ದಾನೆ, 200 ಚಿನ್ನದ ನಾಣ್ಯ ಕೊಟ್ರೆ ಆಯ್ತು, ಹಾಗಾಗಿ ಬಿದ್ದವರ ಬಗ್ಗೆ ನಾನು ಹೇಳ್ತಿರೋ ಆತಂಕ ಅಲ್ಲಿ ಕಮ್ಮಿ. ಟ್ರಯಾಂಗಲ್ ಸ್ಟ್ರಾಟಜಿ ಅನ್ನೋ ಇನ್ನೊಂದು ಗೇಮಲ್ಲೂ ಹಂಗೇ, ಬಿದ್ದವರು ಮುಂದಿನ ಯುದ್ಧಕ್ಕೆ ಸರಿಹೋಗಿರ್ತಾರೆ, ಆದ್ರೆ ಅಲ್ಲಿ ಮುಖ್ಯ ತೀರ್ಮಾನಗಳನ್ನ ನಮ್ಮ ಜೊತೆಗಾರರೇ ತಕ್ಕಡಿಯಲ್ಲಿ ಮತ ಹಾಕಿ ಮಾಡ್ತಾರೆ, ಅವರ ಮನಸ್ಸು ಒಲಿಸೋದೇ ನಮಗೆ ಯುದ್ಧ. ಅದನ್ನ ಎರಡನೇ ಗೇಮ್ ಆಗಿ ಆಡು.

ಈಗ ವಿಷಯಕ್ಕೆ ಬರ್ತೀನಿ. ನೀನು ಆಡ್ಬೇಕಾಗಿರೋದು ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್. 1997ರ ಪ್ಲೇಸ್ಟೇಷನ್ ಗೇಮ್ ಅದು, ಯಾಸುಮಿ ಮಾತ್ಸುನೋ ನಿರ್ದೇಶನದ್ದು, 2025ರ ಸೆಪ್ಟೆಂಬರ್‌ನಲ್ಲಿ ದಿ ಇವಾಲಿಸ್ ಕ್ರಾನಿಕಲ್ಸ್ ಅನ್ನೋ ಹೆಸರಲ್ಲಿ ಪಿಸಿಗೂ ಬಂದಿದೆ, ಪಾತ್ರಗಳಿಗೆ ದನಿ ಕೊಟ್ಟಿದಾರೆ, ಆಟೋ ಸೇವ್ ಇದೆ, ಎಷ್ಟು ಕಷ್ಟ ಇರ್ಬೇಕು ಅಂತ ಆರಿಸ್ಕೋಬಹುದು. ಸಿಂಹಾಸನಕ್ಕೆ ಇಬ್ಬರು ಡ್ಯೂಕ್‌ಗಳ ಜಗಳ, ಅದರ ಮಧ್ಯೆ ದೊಡ್ಡ ಮನೆತನದ ಹುಡುಗ ರಾಮ್ಜಾ, ಅವನ ಜೊತೆ ಬೆಳೆದ ಬಡವರ ಮನೆ ಹುಡುಗ ಡೆಲಿಟಾ. ಇಷ್ಟು ಸಾಕು, ಉಳಿದಿದ್ದು ನೀನೇ ನೋಡು.

ಇಲ್ಲಿ ನಮ್ಮವನು ಬಿದ್ರೆ ತಕ್ಷಣ ಸಾಯಲ್ಲ. ತಲೆ ಮೇಲೆ 3 ಅಂತ ಬರುತ್ತೆ. ಅವನ ಸರದಿ ಬಂದಾಗಲೆಲ್ಲಾ ಅದು ಒಂದೊಂದೇ ಇಳಿಯುತ್ತೆ, ಸೊನ್ನೆ ದಾಟಿದ್ರೆ ಹರಳಾಗಿಯೋ ಪೆಟ್ಟಿಗೆಯಾಗಿಯೋ ಬದಲಾಗ್ತಾನೆ, ಆಮೇಲೆ ಅವನು ಇಲ್ಲ. ಈ ಗೇಮಲ್ಲಿ ನಾವೆಲ್ಲಾ ಒಂದು ಸಲ, ಅವರೆಲ್ಲಾ ಒಂದು ಸಲ ಅಂತ ಇಲ್ಲ, ಒಬ್ಬೊಬ್ಬರ ಸ್ಪೀಡ್ ತಕ್ಕಂಗೆ ಒಂದು ಲೆಕ್ಕ ತುಂಬ್ತಾ ಬಂದು 100 ಆದಾಗ ಅವರ ಸರದಿ. ಅಂದ್ರೆ ಚುರುಕಾಗಿರೋನು ಬಿದ್ರೆ ಅವನ ಎಣಿಕೆಯೂ ಚುರುಕಾಗೇ ಇಳಿಯುತ್ತೆ! ಸರದಿ ಬಂದಾಗ ನಡೆದು, ಹೊಡೆದು ಎರಡೂ ಮಾಡಿದ್ರೆ ಮತ್ತೆ ಸೊನ್ನೆ ಹತ್ರದಿಂದ ತುಂಬ್ಬೇಕು, ಏನೂ ಮಾಡದೇ ಕಾದ್ರೆ ಅರ್ಧಕ್ಕೆ ಹತ್ರ ಉಳ್ಕೊಳ್ಳುತ್ತೆ, ಮುಂದಿನ ಸರದಿ ಬೇಗ ಬರುತ್ತೆ. ಸುಮ್ಮನಿರೋದೂ ಒಂದು ನಡೆ ಅನ್ನೋದನ್ನ ಇಷ್ಟು ಚೆನ್ನಾಗಿ ಮಾಡಿರೋ ಗೇಮ್ ಕಮ್ಮಿ.

ಶುರುವಲ್ಲೇ ಡಾರ್ಟರ್ ಅನ್ನೋ ಊರಿನ ಕೊಳಕು ಬೀದೀಲಿ ಒಂದು ಯುದ್ಧ ಬರುತ್ತೆ, ಮಾಳಿಗೆ ಮೇಲೆ ಬಿಲ್ಲುಗಾರರು, ಬೆಂಕಿ ಎಸೆಯೋ ಮಂತ್ರವಾದಿಗಳು ಬೇರೆ. ನನ್ನ ನೈಟ್, ಅಂದ್ರೆ ಕತ್ತಿ ಹಿಡಿದ ಯೋಧ, ಒಬ್ಬನೇ ಮುಂದೆ ನುಗ್ಗಿ ಬಿದ್ದ, ತಲೆ ಮೇಲೆ 3. ಇನ್ನೂ ಟೈಮಿದೆ ಅಂದ್ಕೊಂಡು ಬೇರೆಯವರನ್ನ ಹೊಡೀತಾ ಇದ್ದೆ, 2 ಆಯ್ತು. ಔಷಧಿ ಎಸೆದು ಕಾಪಾಡೋ ನನ್ನ ಕೆಮಿಸ್ಟ್ ಹುಡುಗಿ ಹತ್ರ ಫೀನಿಕ್ಸ್ ಡೌನ್ ಇತ್ತು, ಬಿದ್ದವರನ್ನ ಎಬ್ಬಿಸೋ ಗರಿ ಅದು, ಮಂತ್ರದ ಹಾಗೆ ಕೈಕೊಡಲ್ಲ, ಎಸೆದ್ರೆ ಎದ್ದೇ ಏಳ್ತಾನೆ, ಆದ್ರೆ ನಾಲ್ಕು ಮನೆ ಹತ್ರ ಹೋಗ್ಬೇಕು. ಅವಳು ಗೋಡೆ ಮರೆಯಲ್ಲಿದ್ಲು. ಮರೆ ಬಿಟ್ಟು ಬಂದ್ರೆ ಮಾಳಿಗೆ ಮೇಲಿನವನಿಗೆ ನೇರ ಸಿಕ್ಕಿಬೀಳ್ತಾಳೆ. 1 ಆಯ್ತು. ಸರದಿಯ ಪಟ್ಟಿ ತೆಗೆದು ನೋಡ್ದೆ, ಅವಳು, ಆಮೇಲೆ ಬಿಲ್ಲುಗಾರ, ಆಮೇಲೆ ಬಿದ್ದವನು. ಅವಳನ್ನ ಬೀದಿಗೆ ಇಳಿಸ್ದೆ, ಗರಿ ಎಸೆದ್ಲು, ಅವನು ಎದ್ದ, ಮೈಯಲ್ಲಿ ಇದ್ದಿದ್ದು ಒಂದೇಟಿನ ಜೀವ ಅಷ್ಟೇ. ಬಿಲ್ಲುಗಾರ ಅವಳನ್ನ ಬಿಟ್ಟು ಅವನಿಗೇ ಬಾಣ ಬಿಟ್ಟ, ಮತ್ತೆ ಬಿದ್ದ. ಆದ್ರೆ ತಲೆ ಮೇಲೆ ಈಗ ಮತ್ತೆ 3! ಅದು ಇಳಿಯೋದ್ರೊಳಗೆ ರಾಮ್ಜಾ ಮಾಳಿಗೆ ಹತ್ತಿದ, ಯುದ್ಧ ಮುಗೀತು. ಎಣಿಕೆ ಮುಗಿಯೋ ಮುಂಚೆ ಗೆದ್ರೆ ಬಿದ್ದವನೂ ಉಳೀತಾನೆ. ಅವನನ್ನ ನಾನು ಕೊನೇ ಯುದ್ಧದವರೆಗೂ ಬಿಡ್ಲಿಲ್ಲ.

ನಿಂಗೆ ಇದೇ ಯಾಕೆ ಅಂದ್ರೆ, ಚೆಸ್ ಆಡುವಾಗ ನೀನು ಕಾಯಿ ಮುಟ್ಟಿದ್ಮೇಲೆ ಮುಟ್ಟಿದ್ದೇ, ಒಂದು ಸಲಾನೂ ನಡೆ ವಾಪಸ್ ಕೇಳಿದವನಲ್ಲ, ಹಂಗಾಗಿ ತಪ್ಪೆಲ್ಲಾ ಅಳಿಸಿಹಾಕೋ ಗೇಮು ನಿಂಗೆ ಸಪ್ಪೆ ಅನ್ಸುತ್ತೆ. ಹಾಗಂತ ಒಂದೇ ತಪ್ಪಿಗೆ ಇಪ್ಪತ್ತು ಗಂಟೆ ಜೊತೆಗಿದ್ದವನನ್ನ ಕಿತ್ಕೊಳ್ಳೋ ಗೇಮು ನಿನ್ನಂಥವನ ಮನಸ್ಸಿಗೆ ಒಳ್ಳೇದಲ್ಲ, ನಂಗೆ ಗೊತ್ತು. ಇಲ್ಲಿ ಎರಡರ ಮಧ್ಯೆ ಒಂದು ಜಾಗ ಇದೆ, ತಪ್ಪು ಉಳಿಯುತ್ತೆ, ಆದ್ರೆ ಓಡಿಹೋಗಿ ಸರಿಮಾಡೋಕೆ ಮೂರು ಎಣಿಸೋವರೆಗೂ ಕಾಯುತ್ತೆ.

ಒಂದು ಎಚ್ಚರಿಕೆ ಮಾತ್ರ ಮರೀಬೇಡ. ರಿಯೋವಾನೆಸ್ ಅನ್ನೋ ಕೋಟೆಗೆ ಹೋಗೋ ಮುಂಚೆ ಬೇರೆ ಫೈಲಲ್ಲಿ ಒಂದು ಸೇವ್ ಇಟ್ಕೋ. ಅಲ್ಲಿ ಒಂದರ ಹಿಂದೆ ಒಂದು ಮೂರು ಯುದ್ಧ, ಎರಡನೇದರಲ್ಲಿ ರಾಮ್ಜಾ ಒಬ್ಬನೇ ವೀಗ್ರಾಫ್ ಅನ್ನೋ ಶತ್ರು ಎದುರು ನಿಲ್ಬೇಕು. ಹಳೇ ಗೇಮಲ್ಲಿ ನಾನು ಮಧ್ಯದಲ್ಲಿ ಅದೇ ಒಂದು ಫೈಲ್ ಮೇಲೆ ಸೇವ್ ಮಾಡಿದ್ದೆ, ಹಿಂದೆ ಹೋಗಿ ಲೆವೆಲ್ ಏರಿಸ್ಕೊಳ್ಳೋಕೆ ದಾರಿನೇ ಇರ್ಲಿಲ್ಲ, ರಾಮ್ಜಾ ಎರಡೇ ಏಟಿಗೆ ಬೀಳ್ತಿದ್ದ. ಮೂರು ದಿನ ಒದ್ದಾಡಿ ಕೊನೆಗೆ ದಾರಿ ಸಿಕ್ತು, ದೂರದಲ್ಲೇ ಉಳಿದು ಅವನ ಸ್ಪೀಡನ್ನ ಒಂದೊಂದೇ ಏರಿಸ್ತಾ ಹೋಗಿ, ವೀಗ್ರಾಫ್‌ಗೆ ಒಂದು ಸರದಿ ಬರೋದ್ರಲ್ಲಿ ಇವನಿಗೆ ಎರಡು ಬರೋ ಹಾಗೆ ಮಾಡ್ಕೊಂಡು ಹೊಡೆದೆ. ನೀನು ಆ ಕಷ್ಟ ಪಡ್ಬೇಕಾಗಿಲ್ಲ, ಆಟೋ ಸೇವ್ ಇದ್ರೂ ನಿಂದೊಂದು ಬೇರೆ ಇರ್ಲಿ.

ಕೊಂಡ್ಕೊಳ್ಳೋ ಮುಂಚೆ ಈ ತರದ ಆಟ ನಿಂಗೆ ಹಿಡಿಸುತ್ತಾ ಅಂತ ನೋಡ್ಬೇಕು ಅಂದ್ರೆ ಇವತ್ತೇ ಬ್ಯಾಟಲ್ ಫಾರ್ ವೆಸ್ನಾತ್ ಹಾಕ್ಕೋ. ಪೂರ್ತಿ ಫ್ರೀ, 2003ರಿಂದ ಜಗತ್ತಿನ ಬೇರೆ ಬೇರೆ ಕಡೆಯವರು ಸೇರಿ ಕಟ್ಟಿರೋದು, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಹಗಲಲ್ಲಿ ಹೆಚ್ಚಿನ ಮನುಷ್ಯ ಸೈನಿಕರ ಏಟಿಗೆ 25 ಪರ್ಸೆಂಟ್ ಜಾಸ್ತಿ ಬಲ, ರಾತ್ರಿ ಆದ್ರೆ ಅಷ್ಟೇ ಕಮ್ಮಿ, ಓರ್ಕ್ ಅನ್ನೋ ರಾಕ್ಷಸರಿಗೆ ಅದರ ಉಲ್ಟಾ, ಹಾಗಾಗಿ ಯಾವಾಗ ನುಗ್ಬೇಕು ಯಾವಾಗ ಹಿಂದೆ ಸರೀಬೇಕು ಅಂತ ಸೂರ್ಯನ್ನ ನೋಡಿ ತೀರ್ಮಾನ ಮಾಡ್ಬೇಕು. ದಿ ಸೌತ್ ಗಾರ್ಡ್ ಅನ್ನೋ ಕಥೆಯಿಂದ ಶುರು ಮಾಡು, ಹೊಸಬರಿಗೇ ಅಂತ ಮಾಡಿರೋದು. ಅಲ್ಲಿ ಸತ್ತವರು ವಾಪಸ್ ಬರಲ್ಲ, ಅದು ತಲೇಲಿರ್ಲಿ.

ಡಾರ್ಟರ್ ಮುಗಿದ ದಿನ ನಂಗೆ ಬರಿ. ನಿನ್ನವರಲ್ಲಿ ಯಾರು ಬಿದ್ರು, ಎಣಿಕೆ ಎಷ್ಟಕ್ಕೆ ಬಂದಿತ್ತು, ಯಾರನ್ನ ಕಳಿಸಿ ಎತ್ಕೊಂಡೆ, ಎಲ್ಲಾ ಬೇಕು.

ನಿನ್ನ,
ಗೆಳೆಯ