ಫ್ರಿಜ್ ಮೇಲಿಟ್ಟ ಮಾತ್ರೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಲ್ಲಿ ನೀನು ಅಷ್ಟು ಕೇಳಿದರೂ "ಹೂಂ, ನೋಡೋಣ ಬಿಡು" ಅಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಪಕ್ಕದಲ್ಲೇ ನಮ್ಮತ್ತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಎದುರಿಗೆ ಸೊಪ್ಪು ಕೊಯ್ಯಲು ಬಂದ ಹೆಂಗಸರು ಕಾಫಿ ಕುಡಿಯುತ್ತಿದ್ದರು. ಮುಟ್ಟು ನಿಲ್ಲುವ ವಿಷಯ, ಅದರ ಮೇಲೆ ಮನಸ್ಸಿನ ಮಾತ್ರೆಯ ವಿಷಯ, ಅಷ್ಟು ಜನರ ಮಧ್ಯೆ ಏನಂತ ಮಾತಾಡಲಿ? ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತೇನೆ, ನಿಮ್ಮಿಬ್ಬರ ಹೆಸರು ಇಲ್ಲ. ನಿನ್ನ ಹೆಂಡತಿಯನ್ನು ಕೇಳಿಯೇ ಹಾಕುತ್ತಿರುವುದು. "ಹಾಕಕ್ಕಾ, ನನ್ನಂಥೋರು ಎಷ್ಟು ಜನ ಇದಾರೋ" ಅಂದಳು.

ನೀನು ಹೇಳಿದ್ದು ಇಷ್ಟು. ನಿನ್ನ ಹೆಂಡತಿಗೆ ಡಾಕ್ಟರು ಎಸ್ಸಿಟಲೋಪ್ರಾಮ್ ಅಂತ ಮಾತ್ರೆ ಬರೆದಿದ್ದಾರೆ. ಮೊಬೈಲಲ್ಲಿ ಹುಡುಕಿದರೆ ಅದು ಡಿಪ್ರೆಶನ್ ಮಾತ್ರೆ ಅಂತ ಬಂತು. ಅವಳಿಗೆ ಡಿಪ್ರೆಶನ್ ಎಲ್ಲಿದೆ, ಸುಮ್ನೆ ಗಾಬರಿ ಅಷ್ಟೇ. ಒಂದು ಸಲ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ, ಮಂಕಾಗಿ ಕೂರುತ್ತಾಳೆ. ಆಮೇಲೆ ಅವಳ ಜೊತೆ ಮಾತಾಡಿದಾಗ ಗೊತ್ತಾಯಿತು, ಬೇಡ ಅನ್ನುತ್ತಿರುವುದು ಅವಳಲ್ಲ, ನೀನು. ಅವಳು ತಗೊಳ್ಳಲು ರೆಡಿ. ಸ್ಟ್ರಿಪ್ಪು ಫ್ರಿಜ್ ಮೇಲೆ ಧೂಳು ತಿನ್ನುತ್ತಿದೆ.

ಮೊದಲು ನನ್ನ ಕಥೆ ಕೇಳು. ಇದು ನಿನಗೆ ಗೊತ್ತಿಲ್ಲ. ನನ್ನ ತಂಗಿಗೂ ಗೊತ್ತಿರಲಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗಲು ಶುರುವಾದಾಗ ನನಗೆ ಖುಷಿಯೇ ಆಗಿತ್ತು. ನಮ್ಮ ಮನೆಯಲ್ಲಿ ಮುಟ್ಟಾದವರು ರೇಷ್ಮೆ ಹುಳು ಮನೆಗೆ ಕಾಲಿಡುವ ಹಾಗಿಲ್ಲ, ಹುಳುವಿಗೆ ರೋಗ ಬರುತ್ತದಂತೆ. ಹುಳು ಕೊನೆಯ ವಾರ ಸೊಪ್ಪು ಸೊಪ್ಪು ಅಂತ ತಿನ್ನುವಾಗಲೇ ನಾನು ಹೊರಗೆ ಕೂರಬೇಕಾಗುತ್ತಿತ್ತು, ಕೆಲಸವೆಲ್ಲ ಅತ್ತೆಯ ತಲೆ ಮೇಲೆ. "ಇನ್ನು ಆ ರಗಳೆ ಇಲ್ಲ ಬಿಡು" ಅಂತ ಅತ್ತೆಯೂ ಅಂದಿದ್ದರು. ಆಮೇಲೆ ರಾತ್ರಿಗಳು ಶುರುವಾದವು. ಮೂರು ಗಂಟೆಗೆ ಸರಿಯಾಗಿ ಎಚ್ಚರ. ಎದೆಯ ಮೇಲಿಂದ ಒಂದು ಬಿಸಿ ಏಳುತ್ತದೆ, ಕತ್ತು, ಕಿವಿ, ನೆತ್ತಿಯವರೆಗೆ. ರವಿಕೆ ಒದ್ದೆ. ಐದು ನಿಮಿಷಕ್ಕೆ ಅದೇ ಬೆವರು ತಣ್ಣಗಾಗಿ ನಡುಕ. ಅದನ್ನಾದರೂ ತಡೆದುಕೊಳ್ಳಬಹುದು. ಅದರ ಹಿಂದೆಯೇ ಎದೆ ಡವಡವ ಅಂತ ಹೊಡೆದುಕೊಳ್ಳುತ್ತದೆ ನೋಡು, ಅದು ಬೇಡ. ಮಗ ಬೆಂಗಳೂರಿಂದ ಬೈಕಲ್ಲಿ ಬರುವವನು, ಹೈವೇಯಲ್ಲಿ ಏನೋ ಆಗಿದೆ ಅಂತ ಗ್ಯಾರಂಟಿ ಅನಿಸುತ್ತಿತ್ತು. ಅವನು ಬಂದು ಪಕ್ಕದ ರೂಮಲ್ಲಿ ಗೊರಕೆ ಹೊಡೆಯುತ್ತಿದ್ದರೂ ಅನಿಸುತ್ತಿತ್ತು! ಎದ್ದು ಹೋಗಿ ಬಾಗಿಲ ಹತ್ತಿರ ನಿಂತು ಗೊರಕೆ ಕೇಳಿಸಿಕೊಂಡು ಬಂದು ಮಲಗುತ್ತಿದ್ದೆ, ಮತ್ತೆ ಏಳುತ್ತಿದ್ದೆ.

ಒಂದು ದಿನ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ, ನಮ್ಮ ಲಾಟು ಹರಾಜಿಗೆ ಬಂದಾಗ, ಉಸಿರು ಎಳೆಯಲು ಆಗಲಿಲ್ಲ. ಕೈಬೆರಳು ಜುಮ್ಮೆಂದವು. ಹಾರ್ಟ್ ಅಟ್ಯಾಕ್ ಅಂದುಕೊಂಡೆ. ಇಸಿಜಿ, ಎಕೋ ಎಲ್ಲ ನಾರ್ಮಲ್. ಗ್ಯಾಸ್ ಅಂದರು. ಬಟವಾಡೆ ಆಗುವ ಮೊದಲೇ ಆ ದುಡ್ಡಲ್ಲಿ ಅರ್ಧ ಆಸ್ಪತ್ರೆಗೆ ಹೋಗಿತ್ತು.

ಮುಂದೆ ಲೇಡಿ ಡಾಕ್ಟರ್ ಒಬ್ಬರು ಥೈರಾಯ್ಡ್, ರಕ್ತ, ಶುಗರ್ ನೋಡಿಸಿದರು. ಇದು ಮುಖ್ಯ, ನಿನ್ನ ಹೆಂಡತಿಗೆ ಮಾಡಿಸಿಲ್ಲ ಅಂದರೆ ಮಾಡಿಸು. ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅವೆಲ್ಲ ಸರಿ ಇದ್ದ ಮೇಲೆ ಅವರು ಕೂರಿಸಿಕೊಂಡು ಹೇಳಿದರು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಅಂತ ಲೆಕ್ಕ, ನಮ್ಮ ಕಡೆ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಸುಮಾರಿಗೆ. ಆದರೆ ಕಾಟ ಶುರುವಾಗುವುದು ಅದಕ್ಕಿಂತ ಕೆಲವು ವರ್ಷ ಮೊದಲೇ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಒಂದೇ ಸಮ ಇಳಿದುಹೋಗುವುದಿಲ್ಲ, ಒಂದು ವಾರ ಮೇಲೆ, ಒಂದು ವಾರ ಕೆಳಗೆ. ಮೆದುಳಲ್ಲಿ ಮನಸ್ಸನ್ನು ಹಿಡಿತದಲ್ಲಿಡುವ ಸೆರೊಟೋನಿನ್ ಮೇಲೂ ಅದರ ಪ್ರಭಾವ ಇದೆ. ಜೊತೆಗೆ ರಾತ್ರಿ ಬೆವರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಗಾಬರಿ ಜಾಸ್ತಿ, ಗಾಬರಿಗೆ ಮತ್ತೆ ನಿದ್ದೆ ಇಲ್ಲ. "ವಯಸ್ಸಾಯ್ತು, ಎಲ್ಲರಿಗೂ ಆಗೋದೇ" ಅಂತ ನೀನೂ ಹೇಳಿದೆಯಂತೆ ಅವಳಿಗೆ. ಎಲ್ಲರಿಗೂ ಆಗುತ್ತದೆ, ಸರಿ. ಹಲ್ಲು ನೋವೂ ಎಲ್ಲರಿಗೂ ಬರುತ್ತದಲ್ವಾ, ಡಾಕ್ಟರ ಹತ್ತಿರ ಹೋಗುವುದಿಲ್ಲವಾ ನೀನು?

ಅಭ್ಯಾಸದ ವಿಷಯಕ್ಕೆ ಬರುತ್ತೇನೆ, ನಿನ್ನ ಭಯ ಇರುವುದು ಅಲ್ಲೇ. ನನಗೆ ಎರಡು ಥರದ ಮಾತ್ರೆ ಬರೆದರು. ಒಂದು ಎಸ್ಸಿಟಲೋಪ್ರಾಮ್, 5 ಮಿಲಿಗ್ರಾಮಿಂದ ಶುರು, ಆಮೇಲೆ 10. ಇನ್ನೊಂದು ಕ್ಲೋನಾಜೆಪಾಮ್, ರಾತ್ರಿಗೆ, ಮೊದಲ ಕೆಲವು ದಿನಕ್ಕೆ ಮಾತ್ರ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಭ್ಯಾಸ ಆಗುವುದು ಎರಡನೆಯದು. ಅದು ಅರ್ಧ ಗಂಟೆ, ಒಂದು ಗಂಟೆಯಲ್ಲೇ ಹಾಯ್ ಅನಿಸುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ತಿಂಗಳುಗಟ್ಟಲೆ ತಿಂದರೆ ಡೋಸು ಏರಿಸುತ್ತಲೇ ಹೋಗಬೇಕಾಗಬಹುದು. ಮೊದಲನೆಯದು ಆ ಜಾತಿಯದಲ್ಲ. ಅದಕ್ಕೆ ಚಟ ಹತ್ತುವುದಿಲ್ಲ, ಇನ್ನೂ ಬೇಕು ಅನಿಸುವುದಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ಬೇಡವೇ ಬೇಡ ಅನಿಸುತ್ತದೆ! ಹೆಸರಿಗೆ ಡಿಪ್ರೆಶನ್ ಮಾತ್ರೆ, ಆದರೆ ಗಾಬರಿ ಕಾಯಿಲೆಗೂ ಡಾಕ್ಟರುಗಳು ಮೊದಲು ಕೊಡುವುದು ಇದೇ ಗುಂಪಿನ ಮಾತ್ರೆಗಳನ್ನು. ಆದರೆ ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದರೆ ತಲೆ ತಿರುಗು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಕೆಟ್ಟ ಕನಸು, ಸಿಡಿಮಿಡಿ. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು.

ಈಗ ಅಸಲು ವಿಷಯ. ಮೊದಲ ಹದಿನೈದು ದಿನ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಎಷ್ಟೋ ಜನ ಮಧ್ಯದಲ್ಲೇ ಬಿಸಾಕುತ್ತಾರೆ. ಹೊಟ್ಟೆ ತೊಳಸುತ್ತದೆ. ನನಗೆ ಬಿಸಿ ಮುದ್ದೆ ಬಟ್ಟಲಿಗೆ ಬಿದ್ದ ತಕ್ಷಣ ಆ ವಾಸನೆಗೇ ಎದ್ದು ಹೋಗಬೇಕು ಅನಿಸುತ್ತಿತ್ತು, ಮಜ್ಜಿಗೆ ಅನ್ನದಲ್ಲೇ ದಿನ ತಳ್ಳಿದೆ. ಬಾಯಿ ಒಣಗುತ್ತದೆ, ಆಕಳಿಕೆ ಮೇಲೆ ಆಕಳಿಕೆ, ಭೇದಿ. ಎಲ್ಲಕ್ಕಿಂತ ಕೆಟ್ಟದ್ದು, ಯಾವ ಗಾಬರಿಗೆ ಮಾತ್ರೆಯೋ ಆ ಗಾಬರಿಯೇ ಕೆಲವರಿಗೆ ಮೊದಲು ಜಾಸ್ತಿಯಾಗುತ್ತದೆ. ನನಗೂ ಆಯಿತು. ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಾ ಇದ್ದವಳು ತಟ್ಟನೆ ಹೊರಗೆ ಬಂದು, ಕಾರಣವೇ ಇಲ್ಲದೆ, ಹಿಪ್ಪುನೇರಳೆ ಸಾಲಿನಲ್ಲಿ ಈ ಕಡೆಯಿಂದ ಆ ಕಡೆಗೆ ಓಡಾಡಿದ್ದೇನೆ. ಮಾತ್ರೆ ಸೆರೊಟೋನಿನ್ ಹೆಚ್ಚಿಸುವುದು ಮೊದಲ ದಿನದಿಂದಲೇ, ಆದರೆ ಮೆದುಳು ಅದಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು ಅಂತ ಡಾಕ್ಟರು ಹೇಳಿದ್ದರು.

ಒಂದು ರೇಷ್ಮೆ ಬೆಳೆಯ ಹಾಗೆ ಅಂದುಕೋ. ಚಾಕಿಯಿಂದ, ಅಂದರೆ ಮರಿಹುಳುವಿಂದ, ಗೂಡಿಗೆ ಸುಮಾರು ನಾಲ್ಕು ವಾರ. ಮೊದಲ ಹತ್ತು ದಿನ ತಟ್ಟೆಯಲ್ಲಿ ಏನಿದೆ ಅಂತಲೇ ಕಾಣುವುದಿಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವ ಮುಂಚೆ, ತಲೆ ಎತ್ತಿಕೊಂಡು ಸತ್ತ ಹಾಗೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹೊಸಬರು ಬೆಳೆ ಹೋಯಿತು ಅಂತ ಚೆಲ್ಲಿಬಿಡಬೇಕು ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು, ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ತಿನ್ನುವುದು ಆಗಲೇ. ಮಾತ್ರೆಯೂ ಎರಡರಿಂದ ನಾಲ್ಕು ವಾರಕ್ಕೆ ಸುಳಿವು ಕೊಡುತ್ತದೆ, ಪೂರ್ತಿ ಗುಣ ಕಾಣಲು ಆರೆಂಟು ವಾರ.

ನನಗೆ ಒಂದು ಬೆಳಿಗ್ಗೆ ಗೊತ್ತಾಯಿತು, ಅದೂ ತಡವಾಗಿ. ಹಾಲಿನ ಡೇರಿಗೆ ಹೊತ್ತಾಗಿತ್ತು, ಯಾಕೆ ಅಂದರೆ ಐದೂವರೆವರೆಗೆ ನಿದ್ದೆ ಮಾಡಿದ್ದೆ. ಬಿಸಿ ಏಳುವುದು ಪೂರ್ತಿ ನಿಂತಿರಲಿಲ್ಲ, ಆದರೆ ಕಡಿಮೆಯಾಗಿತ್ತು. ಈ ಗುಂಪಿನ ಕೆಲವು ಮಾತ್ರೆಗಳು ಆ ಬಿಸಿಯನ್ನೂ ಸ್ವಲ್ಪ ತಗ್ಗಿಸುತ್ತವೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಮಂಕಾಗಲಿಲ್ಲ ಕಣೋ. ಜಗಳ ಆಡುವುದು ಹಾಗೇ ಇದೆ, ನಮ್ಮವರನ್ನು ಕೇಳು ಬೇಕಾದರೆ. ಕೆಲವರಿಗೆ ಅಳುವೂ ಬರದ, ನಗುವೂ ಬರದ ಥರ ಆಗುವುದುಂಟು. ಹಾಗಾದರೆ ಡಾಕ್ಟರಿಗೆ ಹೇಳಬೇಕು, ಡೋಸು ಇಳಿಸುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ.

ಅತ್ತೆಗೆ ಮೊದಲು ಹೇಳಿರಲಿಲ್ಲ. ಸ್ಟ್ರಿಪ್ಪು ನೋಡಿ ಅವರಾಗಿಯೇ ಕೇಳಿದರು. "ನಾವೆಲ್ಲ ಯಾವ್ ಮಾತ್ರೆ ತಗೊಂಡ್ವಮ್ಮ?" ಅಂತ ಶುರು ಮಾಡಿದವರು ಸ್ವಲ್ಪ ಹೊತ್ತು ಸುಮ್ಮನಾಗಿ, "ನಂಗೂ ಹಿಂಗೇ ಆಗ್ತಿತ್ತು. ನಡುರಾತ್ರಿ ಎದ್ದು ಕಣದಲ್ಲಿ ಓಡಾಡ್ತಿದ್ದೆ. ನಿಮ್ಮ ಮಾವ ಗಾಳಿ ಮೆಟ್ಕೊಂಡಿದೆ ಅಂತ ಬೇವಿನಸೊಪ್ಪಲ್ಲಿ ಹೊಡೆಸಿದ್ರು" ಅಂದರು. ಬೆನ್ನು ತೋರಿಸುವ ಹಾಗೆ ಸ್ವಲ್ಪ ತಿರುಗಿದರು, ಈಗ ಅಲ್ಲಿ ಏನೂ ಗುರುತಿಲ್ಲ. ಆಮೇಲೆ "ಊಟ ಆದ್ಮೇಲೆ ತಗೊಳ್ಳೋದಾ ಮುಂಚೆನಾ?" ಅಂತ ಕೇಳಿದರು. ಅವತ್ತಿಂದ ತಿಂಡಿ ಆದ ತಕ್ಷಣ ನೀರಿನ ಲೋಟ ಅವರೇ ತಂದಿಡುತ್ತಾರೆ. ಈಗ ಹೇಳು, ಎಂಬತ್ತು ದಾಟಿದ ಅವರಿಗೆ ಅರ್ಥವಾದದ್ದು ನಿನಗೆ ಯಾಕೆ ಆಗುವುದಿಲ್ಲ?

ಒಂದು ವಿಷಯ ಹೇಳಲು ಮುಜುಗರ, ಆದರೆ ನಾನಲ್ಲದೆ ನಿನಗೆ ಯಾರು ಹೇಳುತ್ತಾರೆ. ಈ ಮಾತ್ರೆಯಿಂದ ಗಂಡ ಹೆಂಡತಿ ಸೇರುವ ಆಸೆ ಕಡಿಮೆಯಾಗಬಹುದು. ಮುಟ್ಟು ನಿಲ್ಲುವ ಕಾಲದಲ್ಲಿ ಒಣಗಿ ನೋವಾಗುವುದು ಬೇರೆ. ಅದನ್ನು ನಿನ್ನ ಮೇಲಿನ ಸಿಟ್ಟು ಅಂದುಕೊಂಡು ಮುಖ ಊದಿಸಿಕೊಂಡು ತಿರುಗಬೇಡ. ಎರಡಕ್ಕೂ ಪರಿಹಾರ ಇದೆ, ಡಾಕ್ಟರ ಮುಂದೆ ಹೇಳಬೇಕು ಅಷ್ಟೇ.

ಶುರು ಮಾಡುವ ಮೊದಲು ಡಾಕ್ಟರಿಗೆ ತಿಳಿಸಬೇಕಾದ್ದು ಕೆಲವು ಇವೆ. ಅವಳು ಮಂಡಿ ನೋವಿಗೆ ಮೆಡಿಕಲ್ ಸ್ಟೋರಿಂದ ತಂದು ನುಂಗುವ ಡೈಕ್ಲೋಫೆನಾಕ್ ಥರದ ಮಾತ್ರೆ ಹೇಳಲೇಬೇಕು, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ, ಹೃದಯ ಬಡಿತದ ತೊಂದರೆ ಇದ್ದರೂ ಹೇಳಬೇಕು. ಅವಳಿಗಾಗಲಿ ಮನೆತನದಲ್ಲಾಗಲಿ, ಕೆಲವು ದಿನ ನಿದ್ದೆಯೇ ಇಲ್ಲದೆ ವಿಪರೀತ ಹುರುಪು, ವಿಪರೀತ ಖರ್ಚು, ಆಮೇಲೆ ಕುಸಿಯುವುದು, ಹಾಗೆ ಆಗಿದ್ದರೆ ಅದನ್ನು ಮುಚ್ಚಿಡಬಾರದು. ಬಿಸಿ ಏಳುವುದೇ ದೊಡ್ಡ ಕಾಟವಾದರೆ ಹಾರ್ಮೋನ್ ಚಿಕಿತ್ಸೆಯೂ ಇದೆ, ಆ ಬಿಸಿಗೆ ಅದರಷ್ಟು ಕೆಲಸ ಮಾಡುವುದು ಬೇರೆ ಇಲ್ಲ, ಆದರೆ ಸ್ತನ ಕ್ಯಾನ್ಸರ್ ಆದವರಿಗೆ ಕೊಡುವುದಿಲ್ಲ. ಅದನ್ನು ಲೇಡಿ ಡಾಕ್ಟರ ಹತ್ತಿರ ಕೇಳಿ. ಮಾತ್ರೆಯ ಜೊತೆ ಕೌನ್ಸೆಲಿಂಗೂ ಇದ್ದರೆ ಒಳ್ಳೆಯದು. ಮಾತ್ರೆ ಶುರುವಾದ ಮೇಲೆ ಸಾಯುವ ಮಾತು, ಬದುಕು ಬೇಡ ಅನ್ನುವ ಮಾತು ಬಂದರೆ ಮಾತ್ರ ಕಾಯಬೇಡ, ಅವತ್ತೇ ಕರೆದುಕೊಂಡು ಹೋಗು.

ದುಡ್ಡಿನ ಬಗ್ಗೆ ಜಾಸ್ತಿ ಯೋಚನೆ ಬೇಡ. ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆ ಕಡಿಮೆಗೆ ಸಿಗುತ್ತದೆ. ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ತಿಂಗಳ ಯಾವ ಮಂಗಳವಾರ ಅಂತ ವಿಚಾರಿಸು. ರಾತ್ರಿ ಹೊತ್ತು ಅವಳಿಗೆ ತಡೆಯಲು ಆಗದಿದ್ದರೆ 14416, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಇಪ್ಪತ್ನಾಲ್ಕು ಗಂಟೆ, ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅವಳ ಫೋನಿಗೆ ನೀನೇ ಸೇವ್ ಮಾಡಿಕೊಡು.

ನಾನು ಇನ್ನೂ ತಗೊಳ್ಳುತ್ತಿದ್ದೇನೆ. ಚೆನ್ನಾಗಿ ಆದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಲು ಹೇಳುತ್ತಾರೆ, ಇಲ್ಲದಿದ್ದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಯಾವಾಗ ಬಿಡುತ್ತೇನೋ ಗೊತ್ತಿಲ್ಲ, ಅದರ ಚಿಂತೆಯೂ ಈಗ ಇಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ನೀನೂ ಹೋಗು, ಆದರೆ ಒಳಗೆ ಅವಳನ್ನು ಮಾತಾಡಲು ಬಿಡು. ಕಳೆದ ಸಲ ಡಾಕ್ಟರು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಹೇಳಿದೆಯಂತೆ, ನಿದ್ದೆ ಬರುತ್ತಾ ಅನ್ನುವುದಕ್ಕೂ! ಶುರು ಮಾಡುವುದಾದರೆ ನಿಮ್ಮ ಟೊಮ್ಯಾಟೊ ಕೀಳುವ ಗಡಿಬಿಡಿ ಮುಗಿದ ಮೇಲೆ ಮಾಡಿ, ಮೊದಲ ವಾರಗಳಲ್ಲಿ ಅವಳಿಗೆ ಸ್ವಲ್ಪ ಬಿಡುವು ಇರಲಿ. ಈ ಭಾನುವಾರ ನಾನು ಚಿಂತಾಮಣಿಗೆ ಬರುತ್ತೇನೆ. ಅವಳನ್ನು ಕರೆದುಕೊಂಡು ಕೈವಾರಕ್ಕೆ ಹೋಗಿ ಬರುವ ಪ್ಲಾನಿದೆ. ಅವತ್ತು ಮನೆಯಲ್ಲಿ ಅಡುಗೆ ನಿನ್ನದು.