ಮಂಡಿಪೇಟೆಯಲ್ಲಿ ಸಿಕ್ಕ ಹಿರಿಯರಿಗೆ

ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಯಜಮಾನ್ರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಈ ಬರಹ ನಿಮ್ಮ ಕಣ್ಣಿಗೆ ಬೀಳಲಿ.

ನನ್ನ ಕೈಯಲ್ಲಿದ್ದದ್ದು ಕಸೂತಿಯ ಪೈಲಟ್ ವಿಂಗ್ಸ್, ಅಂದರೆ ಪೈಲಟ್‌ಗಳು ಸಮವಸ್ತ್ರದ ಎದೆಗೆ ಹಾಕುವ ರೆಕ್ಕೆಯ ಲಾಂಛನ. ಅದರ ಮೇಲೆ ಕಿರೀಟ, ‘ಆರ್‌ಐಎಎಫ್’ (ರಾಯಲ್ ಇಂಡಿಯನ್ ಏರ್ ಫೋರ್ಸ್) ಅಕ್ಷರಗಳು. ನಮ್ಮ ವಾಯುಪಡೆಯ ಹೆಸರಿಗೆ ‘ರಾಯಲ್’ ಸೇರಿದ್ದು 1945ರ ಮಾರ್ಚ್‌ನಲ್ಲಿ. 1950ರಲ್ಲಿ ಗಣರಾಜ್ಯವಾದಾಗ ಅದು ಹೋಯಿತು. ಅವಧಿ ಅಷ್ಟು ಚಿಕ್ಕದು, ಅಸಲಿ ಅಪರೂಪ; ಅದಕ್ಕೇ ನನ್ನಂಥ ಸಂಗ್ರಾಹಕರಿಗೆ ನಕಲಿಗಳ ಕಾಟ.

“ಕಾಟನ್ ಮಿಲ್ಲಿನಾಗ ದುಡಿದೋನು ನಾನು, ಕೊಡಪ್ಪ ಇಲ್ಲಿ” ಎಂದು ಹಿಂಬದಿ ತಿರುಗಿಸಿ, ನೇತಾಡುತ್ತಿದ್ದ ಎಳೆಯ ತುದಿ ಕತ್ತರಿಸಿ ಸುಟ್ಟಿರಿ. ಪಾಲಿಯೆಸ್ಟರ್ ದಾರದಂತೆ ಅದು ಕರಗಿ ಗಂಟಾಗಲಿಲ್ಲ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ: ಹತ್ತಿ. ಆಮೇಲೆ ಅಂಗಡಿಯವರ ಖೋಟಾ ನೋಟು ನೋಡುವ ನೇರಳೆ ದೀಪದ ಕೆಳಗೆ ಹಿಡಿಸಿದಿರಿ. ಈಚಿನ ಬಿಳಿ ದಾರಕ್ಕೆ ಹಾಕುವ ಹೊಳಪಿನ ರಾಸಾಯನಿಕ ಆ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತದೆ, ಇದು ಮಿನುಗಲಿಲ್ಲ. “ಇಷ್ಟಕ್ಕೇ ಅಸಲಿ ಅನ್ನಬ್ಯಾಡ, ಹಳೇ ದಾರದಾಗೂ ಹೊಸದು ಹೊಲೀತಾರ” ಎಂದಿರಲ್ಲ, ಆ ಮಾತು ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ.

ಚಹಾಕ್ಕೂ ನೀವು ಒಪ್ಪಲಿಲ್ಲ. ಮತ್ತೆ ಸಿಕ್ಕರೆ ಬೆಣ್ಣೆದೋಸೆಗೆ ಬರಲೇಬೇಕು. ನನ್ನ ಸಂಗ್ರಹದ ನೀಲಿ-ಬೂದು ಉಣ್ಣೆ ಕೋಟಿನ ನೇಯ್ಗೆಯನ್ನೂ ನಿಮಗೆ ತೋರಿಸಬೇಕಿದೆ. ತುಂಬು ಹೃದಯದ ಧನ್ಯವಾದ.