ಅಪ್ಪಯ್ಯನಿಗೆ, ಕಿವಿಯ ವಿಷಯ

ಲೀಡ್ಸ್, ಇಂಗ್ಲೆಂಡ್, ಭಾನುವಾರ

ಅಪ್ಪಯ್ಯನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಫೋನ್ ಬಿಟ್ಟು ಇದೇನು ಕಾಗದ ಅಂತ ಕೇಳಬೇಡಿ. ಫೋನಿನಲ್ಲಿ ಈ ವಿಷಯ ಎತ್ತಿದರೆ ನಿಮಗೆ ಅರ್ಧ ಕೇಳುವುದಿಲ್ಲ, ಇನ್ನರ್ಧ ಕೇಳಿದರೂ ಕೇಳದವರ ಹಾಗೆ ಅಮ್ಮನ ಕೈಗೆ ಫೋನ್ ಕೊಟ್ಟು ಕೊಟ್ಟಿಗೆ ಕಡೆ ಹೋಗುತ್ತೀರಿ. ತಮ್ಮ ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತಾನೆ. ಜಗಲಿಯಲ್ಲಿ ಕೂತು ಓದಿ.

ಅಮ್ಮ ಬುಧವಾರ ರಾತ್ರಿ ಏಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಕೆಳಗಿನ ಮನೆ ಹುಡುಗ "ಹಾಲು ಬೇಕಿತ್ತು" ಅಂದದ್ದು ನಿಮಗೆ "ಸಾಲ ಬೇಕಿತ್ತು" ಅಂತ ಕೇಳಿ, "ನಾನೇನು ಸೊಸೈಟಿ ಇಟ್ಟಿದೀನಾ" ಅಂತ ಬೈದಿರಂತೆ. ಅವನು ಖಾಲಿ ತಂಬಿಗೆ ಹಿಡಿದುಕೊಂಡು ಹಾಗೇ ವಾಪಸು ಹೋದನಂತೆ. ನನಗೆ ನಗು ಬಂತು. ಅಮ್ಮ ಮಾತ್ರ ನಗುತ್ತಿರಲಿಲ್ಲ.

ತಮ್ಮ ಕಳಿಸಿದ ಟೆಸ್ಟಿನ ಫೋಟೋ ನೋಡಿದೆ. ಬಲಗಿವಿ 30 ಡೆಸಿಬೆಲ್, ಎಡಗಿವಿ 32. ಈ ಅಂಕಿ ಹೆಚ್ಚಾದಷ್ಟೂ ಕಿವಿ ಮಂದ ಅಂತ ಲೆಕ್ಕ. ಕೆಳಗೆ "ಮೈಲ್ಡ್", ಅಂದರೆ ಸ್ವಲ್ಪವೇ ಮಂದ, ಅಂತ ಬರೆದಿದ್ದಾರೆ. ಆ ಒಂದು ಪದ ಹಿಡಿದುಕೊಂಡು ನೀವು ಊರೆಲ್ಲ ಹೇಳಿಕೊಂಡು ಬಂದಿದ್ದೀರಂತೆ, ಏನೂ ಇಲ್ಲ ಅಂತ. ಸರಿ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲೂ 20ರಿಂದ 35ರ ಒಳಗಿದ್ದರೆ ಮೈಲ್ಡೇ. ಆದರೆ ಅದು ದಪ್ಪ ಸದ್ದು, ತೆಳು ಸದ್ದು ಎಲ್ಲ ಸೇರಿಸಿದ ಸರಾಸರಿ, ಅಪ್ಪಯ್ಯ. ಸರಕಿನಂಥ ಒಳ್ಳೆ ಅಡಿಕೆಯನ್ನೂ ಗೊರಬಲನ್ನೂ ಒಟ್ಟು ರಾಶಿ ಹಾಕಿ ಒಂದೇ ದರ ಹೇಳಿದರೆ ಮಂಡಿಯಲ್ಲಿ ನೀವು ಒಪ್ಪುತ್ತೀರಾ? ಗೆರೆಯನ್ನು ಸರಿಯಾಗಿ ನೋಡಿ. ಬಲಗಿವಿಯಲ್ಲಿ 500 ಹರ್ಟ್ಜ್‌ನ ಹತ್ತಿರ 15 ಇದೆ, ಅಂದರೆ ದಪ್ಪ ಸದ್ದಿಗೆ ಕಿವಿ ಚೆನ್ನಾಗೇ ಇದೆ. ತೆಳು ಸದ್ದಿನ 4000ಕ್ಕೆ ಬರುವಾಗ ಗೆರೆ ಕೆಳಗೆ 55ಕ್ಕೆ ಇಳಿದಿದೆ. ವಯಸ್ಸಿನದೂ ಸ್ವಲ್ಪ ಇರಬಹುದು, ಆದರೆ ಇಪ್ಪತ್ತೆರಡು ವರ್ಷ ಅಕ್ಕಿ ಗಿರಣಿಯಲ್ಲಿ ಕಿವಿಗೆ ಹತ್ತಿಯನ್ನೂ ಇಟ್ಟುಕೊಳ್ಳದೆ ನಿಂತಿದ್ದಿರಲ್ಲ, ಆ ಅಬ್ಬರ ಮೊದಲು ತಿನ್ನುವುದು ಅದೇ ಜಾಗವನ್ನು.

ಸ, ಶ, ಥ ಇಂಥ ಸಣ್ಣ ಸದ್ದುಗಳೆಲ್ಲ ಇರುವುದು ಆ ಮೇಲಿನ ಕಡೆ. ಆ, ಊ, ಓ ಎಲ್ಲ ಕೆಳಗೆ. ಹಾಗಾಗಿ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. "ಕೇಳ್ತದೆ ಮಾರಾಯ್ತಿ, ನೀವೇ ಬಾಯೊಳಗೆ ಮಾತಾಡ್ತೀರಿ" ಅಂತ ನೀವು ಹೇಳುವುದು ಸುಳ್ಳಲ್ಲ, ನಿಮಗೆ ಹಾಗೇ ಕೇಳುವುದು. ಹೋದ ಸಲ ತಾಳಮದ್ದಳೆಗೆ ಹೋಗಿ ಮೈಕು ಸರಿ ಇಲ್ಲ ಅಂತ ಅರ್ಧಕ್ಕೇ ಎದ್ದು ಬಂದಿರಿ. ನಾನು ನಿಮ್ಮ ಹಿಂದಿನ ಸಾಲಿನಲ್ಲೇ ಇದ್ದೆ. ಮೈಕು ಸರಿಯಾಗೇ ಇತ್ತು. ಆಗ ಹೇಳಲಿಲ್ಲ, ಅಷ್ಟೆ.

ಹಾಗಂತ ಕೂಡಲೇ ಕಿವಿಗೆ ಹಾಕುವ ಮಷಿನ್ ತಗೊಳ್ಳಿ ಅಂತ ಹೇಳುತ್ತಿಲ್ಲ. ಪೇಟೆಯ ಆ ಅಂಗಡಿಯವನು ಕಿವಿಯೊಳಗೆ ಇಣುಕಿಯೂ ನೋಡದೆ ಎರಡಕ್ಕೆ 1,20,000 ಅಂದನಂತಲ್ಲ, ಅವನ ಹತ್ತಿರ ಮತ್ತೆ ಹೋಗಲೇಬೇಡಿ. ಗುಗ್ಗೆ ಕಟ್ಟಿಕೊಂಡಿದ್ದರೂ ಕಿವಿ ಮಂದವಾಗುತ್ತದೆ, ತೆಗೆಸಿದರೆ ಮುಗಿಯಿತು. ಪರದೆಯ ಹಿಂದೆ ನೀರು ನಿಂತಿದ್ದರೆ, ಒಳಗಿನ ಸಣ್ಣ ಮೂಳೆ ಬಿಗಿದುಕೊಂಡಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಅದನ್ನು ತಿಳಿಯಲಿಕ್ಕೆ ಕಿವಿ ಹಿಂದಿನ ಎಲುಬಿಗೆ ಒಂದು ಪುಟ್ಟ ಯಂತ್ರ ಒತ್ತಿ ಇನ್ನೊಂದು ಟೆಸ್ಟ್ ಮಾಡುತ್ತಾರೆ. ನಿಮ್ಮ ಕಾಗದದಲ್ಲಿ ಅದರ ಗುರುತೇ ಇಲ್ಲ. ನರದ್ದೇ ಸವಕಲು ಅಂತಾದರೆ ಗುಳಿಗೆಯೂ ಇಲ್ಲ, ಕಷಾಯವೂ ಇಲ್ಲ. ದೊಡ್ಡಮ್ಮ ಹೇಳಿದ ಬೆಳ್ಳುಳ್ಳಿ ಎಣ್ಣೆಯನ್ನಂತೂ ದಯವಿಟ್ಟು ಕಿವಿಗೆ ಹಾಕಲೇಬೇಡಿ.

ಅದಕ್ಕೇ ಮೈಸೂರಿಗೆ ಹೋಗಿ ಅಂತ ನನ್ನ ಹಟ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲೇ ಶುರುವಾದದ್ದು, ಕಿವಿ ಮತ್ತು ಮಾತಿನದ್ದೇ ಕೆಲಸ ಅವರಿಗೆ. ತಾಳಗುಪ್ಪದ ರೈಲು ಹತ್ತಿದರೆ ಸೀದಾ ಮೈಸೂರು. ಚಿಕ್ಕಿ ಮನೆಯಲ್ಲಿ ಉಳಿದುಕೊಳ್ಳಬಹುದು.

ಇಲ್ಲಿನ ಕಥೆ ಕೇಳಿ. ಪಕ್ಕದ ಮನೆಯ ಅಜ್ಜನಿಗೂ ನಿಮ್ಮಷ್ಟೇ ಮಂದ. ಸರ್ಕಾರಿ ಆಸ್ಪತ್ರೆಯವರು ಮಷಿನ್ ಪುಕ್ಕಟೆ ಕೊಟ್ಟಿದ್ದಾರೆ, ಬ್ಯಾಟರಿಯೂ ಪುಕ್ಕಟೆ. ಡೆಸಿಬೆಲ್ ಎಷ್ಟು ಅಂತ ಮಾತ್ರ ನೋಡಿ ಕೊಡುವುದಲ್ಲವಂತೆ, ಮಾತುಕತೆಗೆ ತೊಂದರೆ ಆಗುತ್ತಿದೆಯಾ ಅಂತ ಕೇಳುತ್ತಾರಂತೆ. ಪೋಸ್ಟಾಫೀಸಿನ ಕೌಂಟರಿನಲ್ಲಿ ಕಿವಿಯ ಚಿತ್ರ, ಪಕ್ಕದಲ್ಲಿ ಟಿ ಅಂತ ಒಂದು ಅಕ್ಷರ. ಆ ಗುರುತು ಇದ್ದಲ್ಲಿ ಮಷಿನಿನಲ್ಲಿ ಒಂದು ಗುಂಡಿ ಒತ್ತಿದರೆ ಒಳಗಿನವರ ಮೈಕಿನ ಮಾತು ಗಲಾಟೆಯಿಲ್ಲದೆ ನೇರ ಕಿವಿಗೆ ಬರುತ್ತದೆ. ನಾನು ಎರಡು ವರ್ಷ ಅದನ್ನು "ಇಲ್ಲಿ ಸದ್ದು ಮಾಡಬೇಡಿ" ಅನ್ನುವ ಬೋರ್ಡು ಅಂದುಕೊಂಡು ಪಿಸುಪಿಸು ಮಾತಾಡುತ್ತಿದ್ದೆ!

ಆ ಅಜ್ಜ ಮೊದಲ ವಾರ ಮಷಿನನ್ನು ಬೈದು ಡ್ರಾಯರಿಗೆ ಹಾಕಿದ್ದರು. ಪೇಪರ್ ಮಗುಚಿದರೆ ತಗಡು ಬಿದ್ದ ಹಾಗೆ, ಫ್ರಿಜ್ಜು ಬಸ್ಸಿನ ಹಾಗೆ. ಆಮೇಲೆ ದಿನಕ್ಕೆ ಎರಡು ಗಂಟೆ, ನಾಲ್ಕು ಗಂಟೆ ಅಂತ ಹಾಕಿಕೊಂಡು, ಎರಡು ಸಲ ಹೋಗಿ ಸರಿ ಮಾಡಿಸಿಕೊಂಡು, ತಿಂಗಳ ಮೇಲೆ ಅಭ್ಯಾಸವಾಯಿತಂತೆ. ಭಾವ ಆನ್‌ಲೈನಿನಲ್ಲಿ 900 ರೂಪಾಯಿಗೆ ತರಿಸಿಕೊಟ್ಟ ಡಬ್ಬಿಯೂ ಇದೇ ಅಂತ ತಿಳಿಯಬೇಡಿ. ಅದು ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತದೆ. ಕುಕ್ಕರ್ ಕೂಗಿದಾಗ ನೀವು ಹಾರಿಬಿದ್ದದ್ದು ಅದಕ್ಕೇ. ನಿಮಗೆ ಬೇಕಾದದ್ದು ಮೇಲಿನ ಸದ್ದು ಮಾತ್ರ ಏರಿಸುವಂಥದ್ದು.

ಅಮ್ಮಾ, ಇದು ನಿನಗೆ. ಮಷಿನ್ ಹಾಕದಿದ್ದರೆ ಮರೆವಿನ ಕಾಯಿಲೆ ಬಂದೇ ಬರುತ್ತದೆ ಅನ್ನುವ ವಾಟ್ಸಾಪ್ ವಿಡಿಯೋ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡ. 2023ರಲ್ಲಿ ಅಮೆರಿಕದಲ್ಲಿ ಸುಮಾರು ಸಾವಿರ ವಯಸ್ಸಾದವರನ್ನು ಮೂರು ವರ್ಷ ನೋಡಿದ ಪರೀಕ್ಷೆಯ ಫಲಿತಾಂಶ ಬಂತು. ಒಟ್ಟಾರೆ ಮಷಿನಿನಿಂದ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಜಾಸ್ತಿ ಇದ್ದವರಲ್ಲಿ ಮಾತ್ರ ಬುದ್ಧಿ ಮಂಕಾಗುವುದು ಸುಮಾರು ಅರ್ಧದಷ್ಟು ನಿಧಾನವಾಯಿತು. ಅಪ್ಪಯ್ಯನಿಗೆ ಮೂವತ್ತು ವರ್ಷದ ಹಿಂದಿನ ಅಡಿಕೆ ದರ ಬಾಯಲ್ಲೇ ಇದೆ. ಹೆದರಬೇಡ. ಹೆದರುವಂಥದ್ದು ಒಂದೇ, ಒಂದು ಕಿವಿ ದಿಢೀರ್ ಅಂತ ಕೇಳದೆ ಹೋದರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಅಂಥದ್ದೇನೂ ಆಗಿಲ್ಲ, ಆಗುವುದೂ ಇಲ್ಲ.

ಅಪ್ಪಯ್ಯ, ಒಂದು ಮಾತು ಹೇಳಿಬಿಡುತ್ತೇನೆ. ಹೋದ ತಿಂಗಳವರೆಗೆ ನಾನೂ ಮಷಿನ್ ಬೇಡ ಅನ್ನುತ್ತಿದ್ದೆ. ಮೊನ್ನೆ ಚಿನ್ನಿ ವಿಡಿಯೋದಲ್ಲಿ "ಅಜ್ಜ, ಕೆಂಪಿ ಕರು ಹಾಕ್ತಾ?" ಅಂತ ಕೇಳಿದಳು. ನೀವು "ಹ್ಞೂಂ ಮಗಾ, ಊಟ ಆಯ್ತು" ಅಂದಿರಿ. ಇನ್ನೊಂದು ಸಲ ಕೇಳಿದಳು. "ಆಯ್ತು ಆಯ್ತು" ಅಂದು ನಕ್ಕಿರಿ. ಸಣ್ಣ ಮಕ್ಕಳ ಸ್ವರ ತೆಳು, ನಿಮಗೆ ಅದೇ ಕಷ್ಟ. ಈಗ ಅವಳು ನಿಮ್ಮನ್ನು ಏನೂ ಕೇಳುವುದಿಲ್ಲ. ಚಿತ್ರ ಬರೆದು ಫೋನಿಗೆ ಹಿಡಿಯುತ್ತಾಳೆ, ನೀವು ಚಂದ ಇದೆ ಅನ್ನುತ್ತೀರಿ, ಮುಗಿಯಿತು.

ಮಳೆಗಾಲ ಮುಗಿಯಲಿ ಅನ್ನುತ್ತೀರಾ? ಶೀಟಿನ ಮೇಲೆ ಜಡಿಮಳೆ ಹೊಡೆಯುವಾಗ ನಮ್ಮ ಮನೆಯಲ್ಲಿ ಎಲ್ಲರೂ ಕಿವುಡರೇ, ಒಪ್ಪಿದೆ. ತೇವಕ್ಕೆ ಮಷಿನ್ ಕೆಡುವುದೂ ನಿಜ, ರಾತ್ರಿ ಹೊತ್ತು ತೇವ ಹೀರುವ ಹರಳು ಹಾಕಿದ ಡಬ್ಬಿಯಲ್ಲಿ ಇಡಬೇಕು. ಅದನ್ನು ನಾನು ಕಳಿಸುತ್ತೇನೆ. ಆದರೆ ಟೆಸ್ಟಿಗೆ ಮಳೆ ಅಡ್ಡ ಇಲ್ಲ. ಹೋಗಿ ಬನ್ನಿ, ಅಲ್ಲೇ ಹಾಕಿ ನೋಡಿ, ಬೇಡ ಅನ್ನಿಸಿದರೆ ಬೇಡ. ದುಡ್ಡಿನ ಚಿಂತೆ ಬಿಡಿ, ನನಗೇನೂ ಕಷ್ಟ ಇಲ್ಲ, ನಿಜವಾಗಿಯೂ ಇಲ್ಲ.

ಚಿನ್ನಿಯ ಈಜು ಕ್ಲಾಸಿಗೆ ಹೊತ್ತಾಯಿತು, ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಟಿಕೆಟ್ ಮಾಡಲಿಕ್ಕೆ ತಮ್ಮನಿಗೆ ಹೇಳಿದ್ದೇನೆ. ಕೆಳಗಿನ ಮನೆಗೆ ಹಾಲು ಕಳಿಸಿ. ಕೆಂಪಿ ಕರು ಹಾಕಿತಾ ಅಂತ ಬರೆಯಿರಿ.

ನಿಮ್ಮ ಪುಟ್ಟಿ